ಒಂದು ಬಕೆಟ್ ತುಂಬಲು ಎಷ್ಟು ಹೊತ್ತು?

ಸಾಗರದಿಂದ ಕಾಸರಗೋಡಿಗೆ ಬಂದು ಆರು ವರ್ಷವಾಯಿತು. ಗಡಿ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ರಜೆಗೆ ಊರಿಗೆ ಬಂದಾಗಲೆಲ್ಲ "ಅಲ್ಲಿ ಕನ್ನಡ ಉಳಿದಿದೆಯಾ?" ಅಂತ ಕೇಳುತ್ತೀರಿ. ಉಳಿದಿದೆ. ಇವತ್ತು ನೀರಿನ ಮಾತು ಹೇಳುತ್ತೇನೆ.

ಕಳೆದ ವರ್ಷ ಸುಸ್ಥಿರ ಅಭಿವೃದ್ಧಿ, ಅಂದರೆ ಮುಂದಿನವರಿಗೂ ನೆಲ ಜಲ ಉಳಿಯುವಂತೆ ಬದುಕುವುದು, ಅದರ ಬಗ್ಗೆ ಒಂದು ತರಬೇತಿಗೆ ಹೋಗಿದ್ದೆವು. ಪೂರ್ತಿ ಮಲಯಾಳಂ. "ಸುಸ್ಥಿರ ವಿಕಸನಂ" ಅಂತ ಬರೆದುಕೊಂಡು ಬಂದೆವು. ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನು ಮಕ್ಕಳಿಗೆ ಹೇಳೋದು ಹೇಗೆ ಅಂತ ಮಾತು ಬಂತು. ಬೇಡ ಅಂದವರು ಒಬ್ಬರೂ ಇಲ್ಲ. "ಅದು ಸಯನ್ಸ್‌ನವರದ್ದು ಅಲ್ವಾ ಟೀಚರೇ?" ಅಂದರು ಒಬ್ಬರು. "ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಎ ಪ್ಲಸ್ ಅಂತ ಕೇಳ್ತಾರೆ. ಇದನ್ನು ಯಾರು ಕೇಳ್ತಾರೆ?" ಅಂದರು ಇನ್ನೊಬ್ಬರು. ಅವರದ್ದು ತಪ್ಪು ಅನ್ನಲಾರೆ. ಪರಿಸರ ಪಾಠ ಕಡ್ಡಾಯವಾಗಲಿ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದನ್ನು ಎಲ್ಲ ವಿಷಯಗಳ ಒಳಗೂ ಸೇರಿಸಲು ಹೇಳಿತು. ಒಳ್ಳೆಯ ಯೋಚನೆಯೇ. ಆದರೆ ಪಕ್ಕದವರು ಮಾಡುತ್ತಾರೆ ಅಂತ ಎಲ್ಲರೂ ಸುಮ್ನೆ ಇರುತ್ತೇವೆ. ಜೂನ್ 5ಕ್ಕೆ ಒಂದು ಗಿಡ ನೆಟ್ಟರೆ ಮುಗಿಯಿತು.

ಸಮಯ ಇಲ್ಲ ಅನ್ನುವುದಕ್ಕಿಂತ ನಮ್ಮಲ್ಲಿ ಅಳುಕು ಜಾಸ್ತಿ. ಗೊತ್ತಿಲ್ಲದ್ದನ್ನು ಮಕ್ಕಳು ಕೇಳಿಬಿಟ್ಟರೆ? ನನಗೂ ಅದೇ ಭಯ.

ನಮ್ಮ ಶಾಲೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗ ಇದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ್ದು, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆದರೂ ಏಪ್ರಿಲ್‌ನಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಸುರಂಗ ಇದ್ದ ಮನೆಯವರಿಗೆ ಅದರ ಬೆಲೆ ಆಗ ಗೊತ್ತಾಗುತ್ತದೆ.

ನಮ್ಮ ಗಣಿತದ ಮಾಷ್ಟ್ರು ಜನವರಿಯಲ್ಲಿ ಎಂಟನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ಜೊತೆಗೆ ಒಂದು ಬಕೆಟು, ಒಂದು ವಾಚು. ಹತ್ತು ಲೀಟರ್ ತುಂಬಲು ಎಷ್ಟು ಹೊತ್ತು? ದಿನಕ್ಕೆ ಎಷ್ಟು ನೀರು? ಎಷ್ಟು ಮನೆಗೆ ಸಾಕು? ಮಾರ್ಚ್‌ನಲ್ಲಿ ಮತ್ತೆ ಹೋಗಿ ಅದೇ ಲೆಕ್ಕ ಮಾಡಿಸಿದರು. ಬಕೆಟ್ ತುಂಬಲು ಜಾಸ್ತಿ ಹೊತ್ತು ಬೇಕಾಯಿತು. ಯಾಕೆ ಅಂತ ಮಕ್ಕಳೇ ಜಗಳಕ್ಕೆ ಬಿದ್ದರು.

ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗ ಅವತ್ತು ಮಾತು ನಿಲ್ಲಿಸಲೇ ಇಲ್ಲ. ಅವನ ಅಜ್ಜ ಸುರಂಗ ತೋಡುತ್ತಿದ್ದವರು. ಒಳಗೆ ದೀಪ ಆರಿತು ಅಂದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು ಅಂದ. ಮಾಷ್ಟ್ರೂ ಮಕ್ಕಳ ಸಾಲಿನಲ್ಲಿ ನಿಂತು ಕೇಳಿದರು. "ಇಷ್ಟು ವರ್ಷ ಇದು ನನ್ನ ಪಾಠ ಅಲ್ಲ ಅಂದುಕೊಂಡಿದ್ದೆ" ಅಂತ ಆಮೇಲೆ ನನ್ನ ಹತ್ತಿರ ಹೇಳಿದರು.

ನನ್ನ ಪಾಠ ಇನ್ನೂ ಬಾಕಿ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ವಿಷ ಸಿಂಪಡಿಸಿದ್ದರು. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಈ ಮಾತು ಬಂದರೆ ನನ್ನ ತರಗತಿಯ ಒಬ್ಬಳು ತಲೆ ತಗ್ಗಿಸುತ್ತಾಳೆ. ಅವಳ ಮಾವ ಹುಟ್ಟಿದಾಗಿನಿಂದ ಎದ್ದು ನಡೆದಿಲ್ಲ. ಹೋದ ವರ್ಷ ಎರಡೇ ಮಾತಿನಲ್ಲಿ ಮುಗಿಸಿ ಮುಂದೆ ಹೋಗಿದ್ದೆ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಮೊನ್ನೆ ಅವಳ ಮನೆಗೆ ಹೋದೆ. ತರಗತಿಯಲ್ಲಿ ಇದನ್ನು ಸರಿಯಾಗಿ ಹೇಳಲಾ ಅಂತ ಅವಳ ಅಮ್ಮನನ್ನು ಕೇಳಿದೆ. "ಹೇಳಿ ಟೀಚರೇ. ಮಕ್ಕಳಿಗೆ ಗೊತ್ತಾಗಲಿ" ಅಂದರು. ಸೋಮವಾರ ಎರಡನೇ ಪೀರಿಯಡ್ ಇಟ್ಟುಕೊಂಡಿದ್ದೇನೆ.