ರೀಬೆಗೆ ಹೋಗುವವರೇ, ಬೆಡ್‌ಶೀಟ್ ಲೆಕ್ಕ ಮೊದಲೇ ಕೇಳಿ
ಡೆನ್ಮಾರ್ಕಿನ ರೀಬೆ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಾ? ಮನೆ ಬುಕ್ ಮಾಡುವ ಮೊದಲು ಬೆಡ್‌ಶೀಟು, ಟವೆಲ್ಲು ಬಾಡಿಗೆಯಲ್ಲಿ ಸೇರಿದೆಯಾ ಅಂತ ಕೇಳಿಕೊಳ್ಳಿ. ನಮಗೆ ಸಿಕ್ಕ ಮನೆಯಲ್ಲಿ ಮಂಚ, ಹಾಸಿಗೆ, ದಿಂಬು ಎಲ್ಲ ಇತ್ತು. ಹಾಸಲು ಬಟ್ಟೆ ಮಾತ್ರ ಇಲ್ಲ. ಬೇಕಿದ್ದರೆ ತಲೆಗಿಷ್ಟು ಅಂತ ಬೇರೆ ದುಡ್ಡು. ಬಿಡುವಾಗ ಕ್ಲೀನಿಂಗಿಗೆ ಬೇರೆ, ಮೀಟರ್ ನೋಡಿ ಕರೆಂಟಿಗೆ ಬೇರೆ. ಅಲ್ಲಿನ ರಜೆಯ ಮನೆಗಳಲ್ಲಿ, ಎಷ್ಟೋ ಹಾಸ್ಟೆಲ್‌ಗಳಲ್ಲೂ ಇದೇ ರೂಢಿ. ಆ ದೇಶದವರು ಕಾರಿನಲ್ಲಿ ಮನೆಯಿಂದಲೇ ತಂದುಬಿಡುತ್ತಾರೆ. ವಿಮಾನದಲ್ಲಿ ಬರುವವರು ಏನು ಮಾಡಬೇಕು? ರೂಢಿ ಇರಲಿ, ಆದರೆ ಬಾಡಿಗೆಯನ್ನು ದೊಡ್ಡದಾಗಿ ತೋರಿಸಿ ಇದನ್ನೆಲ್ಲ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆಯುವುದು ಅನ್ಯಾಯ. ತೆಳ್ಳಗಿನ ಹತ್ತಿ ಬೆಡ್‌ಶೀಟುಗಳನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಿ.

ಕೋಪನ್‌ಹೇಗನ್ನಿನಿಂದ ಬರುವವರು ಬ್ರಾಮಿಂಗ್‌ನಲ್ಲಿ ಇಳಿದು ಚಿಕ್ಕ ರೈಲು ಹಿಡಿಯಬೇಕು. ನಾವು ಹೋದಾಗ ಹಳಿ ಕೆಲಸ ನಡೆದಿತ್ತು, ರೈಲಿನ ಬದಲು ಬಸ್ಸು. ಮಗುವಿನ ತಳ್ಳುಗಾಡಿ ಇಡುವ ಜಾಗ ಆಗಲೇ ತುಂಬಿತ್ತು. ಗಾಡಿ ಮಡಚಿ ಹಿಡಿದುಕೊಂಡು, ನಿದ್ದೆ ಮಾಡುತ್ತಿದ್ದ ಮಗುವನ್ನು ಎತ್ತಿಕೊಂಡು ನಿಂತೇ ಹೋದೆವು. ಹೊರಡುವ ಹಿಂದಿನ ರಾತ್ರಿ ಅಲ್ಲಿನ ರೈಲು-ಬಸ್ಸಿನ ಸಮಯ ತೋರಿಸುವ ರೈಸೆಪ್ಲಾನೆನ್ ಆ್ಯಪ್ ನೋಡಿ. 'ಟೋಗ್‌ಬಸ್' (ರೈಲಿನ ಬದಲಿನ ಬಸ್ಸು) ಅಂತಿದ್ದರೆ ಮುಂದಿನ ಕನೆಕ್ಷನ್‌ಗೆ ಜಾಸ್ತಿ ಸಮಯ ಇಟ್ಟುಕೊಳ್ಳಿ. ಊರೊಳಗೆ ಕಲ್ಲು ಹಾಸಿದ ಬೀದಿಗಳು, ಸಣ್ಣ ಚಕ್ರದ ಗಾಡಿ ಕಷ್ಟ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರಬೇಡಿ. ಚೌಕದ ಸುತ್ತಲಿನ ಹೋಟೆಲುಗಳು ನಮ್ಮ ಜೇಬಿಗೆ ಭಾರ, ನಮಗೆ ಸಿಗುವುದೂ ಸೊಪ್ಪು ಸಲಾಡ್ ಅಷ್ಟೇ. ಆದರೆ ಒಂದು ಸಣ್ಣ ಪಿಜ್ಜಾ-ಕೆಬಾಬ್ ಅಂಗಡಿಯಲ್ಲಿ ಫಲಾಫೆಲ್ ರೋಲ್ ಸಿಕ್ಕಿತು. ಆಗಷ್ಟೇ ಕರಿದ ಕಡಲೆ ವಡೆ, ಹೊರಗೆ ಗರಿಗರಿ, ಒಳಗೆ ಕೊತ್ತಂಬರಿಯ ಘಮ. ಖಾರ ಬೇಕು ಅಂದಿದ್ದಕ್ಕೆ ಅಂಗಡಿಯವರು ಹಸಿಮೆಣಸಿನಕಾಯಿ ಕೊಚ್ಚಿ ಹಾಕಿಕೊಟ್ಟರು. ಒಂದು ರೋಲ್ ಇಬ್ಬರು ಮಕ್ಕಳಿಗೆ ಸಾಕು. ನಾವು ಮತ್ತೆ ಮತ್ತೆ ಅಲ್ಲಿಗೇ ಹೋದೆವು. ಸೂಪರ್‌ಮಾರ್ಕೆಟ್ಟಿನಲ್ಲಿ ಟುಕ್‌ಮೆಲ್ಕ್ ಅಂತ ಸಿಗುತ್ತದೆ, ಅನ್ನಕ್ಕೆ ಕಲಸಿದರೆ ಮೊಸರನ್ನವೇ. ಮೇಲೆ ಒಗ್ಗರಣೆಗೆ ಸಾಸಿವೆ, ಕರಿಬೇವಿನ ಪುಡಿ ಊರಿಂದ ಒಯ್ಯಿರಿ. ಕುಡಿಯಲು ನಲ್ಲಿ ನೀರೇ ಚೆನ್ನಾಗಿದೆ.

ಬಿಲ್ಲುಂಡ್‌ನಲ್ಲಿರುವ ಮಕ್ಕಳ ಥೀಮ್ ಪಾರ್ಕ್ ಲೆಗೋಲ್ಯಾಂಡ್ ದೂರವಿಲ್ಲ, ನಾವು ಹೋಗಲಿಲ್ಲ. ರಜೆಯ ಜನಜಂಗುಳಿಯಲ್ಲಿ ಕ್ಯೂ ನಿಲ್ಲುವುದು ನಮ್ಮ ಮನೆಯವರಿಗೆ ಆಗುವುದಿಲ್ಲ. ರೀಬೆ ಡೆನ್ಮಾರ್ಕಿನ ಅತ್ಯಂತ ಹಳೆಯ ಊರು, ಸಂಜೆಯಾದರೆ ಪೂರ್ತಿ ಶಾಂತ. ಕೆಥೆಡ್ರಲ್ ಗೋಪುರಕ್ಕೆ 248 ಮೆಟ್ಟಿಲು, ಮೇಲಿಂದ ಸಮುದ್ರದ ಕಡೆಯ ಬಯಲೆಲ್ಲ ಕಾಣುತ್ತದೆ. 1634ರ ಪ್ರವಾಹದಲ್ಲಿ ನೀರು ಎಲ್ಲಿವರೆಗೆ ಏರಿತ್ತು ಅಂತ ನದಿ ದಂಡೆಯ ಕಂಬದಲ್ಲಿ ಗುರುತಿದೆ. ಮಗ ಅದರ ಕೆಳಗೆ ನಿಂತು ನೋಡಿ ಸುಮ್ಮನಾದ. ಬೇಸಿಗೆಯ ರಾತ್ರಿ ಹಳೇ ಕಾಲದ ಕಾವಲುಗಾರನ ವೇಷದವರು ಲಾಟೀನು ಹಿಡಿದು, ಹಾಡುತ್ತಾ ಬೀದಿ ಬೀದಿ ಸುತ್ತಿಸುತ್ತಾರೆ. ಇದು ಉಚಿತ. ಮಕ್ಕಳಿದ್ದರೆ ಎಂಟು ಗಂಟೆಯದಕ್ಕೇ ಹೋಗಿ, ಕತ್ತಲಾಗಲಿ ಅಂತ ಕಾಯಬೇಡಿ, ಜೂನ್‌ನಲ್ಲಿ ಹತ್ತು ಗಂಟೆಗೂ ಬೆಳಕಿರುತ್ತದೆ.

ಮಾಂಡೊ ದ್ವೀಪವನ್ನು ಮಾತ್ರ ಬಿಡಬೇಡಿ. ರೀಬೆ ಹತ್ತಿರದ ವೆಸ್ಟರ್ ವೆಡ್‌ಸ್ಟೆಡ್ ಹಳ್ಳಿಯಿಂದ ಟ್ರ್ಯಾಕ್ಟರ್ ಎಳೆಯುವ ಬಸ್ಸು ಸಮುದ್ರದ ತಳದ ಮೇಲೇ ಹೋಗುತ್ತದೆ. ಸಮುದ್ರದ ಉಬ್ಬರ ಬಂದರೆ ದಾರಿ ನೀರೊಳಗೆ. ಹಾಗಾಗಿ ಸಮಯ ದಿನಾ ಬದಲಾಗುತ್ತದೆ. ಮೊದಲು ಆ ವೇಳಾಪಟ್ಟಿ ನೋಡಿ, ಉಳಿದ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ. ಜುಲೈ ಆದರೂ ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು, ಗಾಳಿ ಹಾಗಿರುತ್ತದೆ.