ಮುಂಚೆನೇ ತಗೊಳ್ಳೋಕೆ ಏನಾದ್ರೂ ಇದ್ಯಾ?

ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ಹದಿನಾಲ್ಕು ವರ್ಷವಾಯಿತು, ‘ಇಲ್ಲ’ ಅಂದ ತಕ್ಷಣ ಹೊರಟುಹೋದವರನ್ನು ನಾನು ಕಂಡಿಲ್ಲ. ಹವಾಮಾನ ಬದಲಾದ ಮೊದಲ ವಾರವೇ ಶುರುವಾಗುತ್ತದೆ. “ಎಲ್ಲರಿಗೂ ನೆಗಡಿ, ಜ್ವರ ಬರ್ತಿದೆ. ನಮಗೆ ಬರದೇ ಇರೋ ಹಾಗೆ ಮುಂಚೆನೇ ತಗೊಳ್ಳೋಕೆ ಏನಾದ್ರೂ ಕೊಡಿ.” ಇಲ್ಲ ಅಂದರೆ, “ಹೋಗಲಿ, ಸುಮ್ನೆ ಒಂದು ವಿಟಮಿನ್ ಆದ್ರೂ ಕೊಡಿ.” ಅದೂ ಬೇಡ ಅಂದರೆ ಸ್ಟಾಕ್ ಇಲ್ಲ ಅಂದುಕೊಂಡು ಇನ್ನೊಂದು ಅಂಗಡಿಗೆ ಹೋಗುತ್ತಾರೆ.

ನನಗೆ ಬೇಜಾರಾಗುವುದು ಆ ‘ಸುಮ್ನೆ’ ಅನ್ನುವ ಮಾತಿಗೆ. ಹೊಟ್ಟೆಗೆ ಹೋದ ಮಾತ್ರೆ ಸುಮ್ಮನೆ ಕೂರುವುದಿಲ್ಲ. ಅದರ ಕೆಲಸ ಅದು ಮಾಡಿಯೇ ಮಾಡುತ್ತದೆ, ನಿಮಗೆ ಬೇಕಿರಲಿ, ಬೇಡದಿರಲಿ.

ನೆಗಡಿ ತರುವ ವೈರಸ್‌ಗಳು 200ಕ್ಕೂ ಜಾಸ್ತಿ ಇವೆ. ಅಷ್ಟನ್ನೂ ಬಾಗಿಲಲ್ಲೇ ತಡೆಯುವ ಒಂದು ಮಾತ್ರೆ ಎಲ್ಲೂ ಇಲ್ಲ. ವಿಟಮಿನ್ ಸಿ ಬಗ್ಗೆ ದಶಕಗಳಿಂದ ಪರೀಕ್ಷೆ ನಡೆಸಿದ್ದಾರೆ. ದಿನಾ ತಪ್ಪದೆ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದದ್ದು ಸ್ವಲ್ಪ ಬೇಗ ಹೋಯಿತು, ದೊಡ್ಡವರಲ್ಲಿ ಸುಮಾರು 8 ಶೇಕಡಾ. ಅಂದರೆ ವಾರದ ನೆಗಡಿಯಲ್ಲಿ ಅರ್ಧ ದಿನ ಉಳಿತಾಯ. ಮೂಗು ಸೋರಲು ಶುರುವಾದ ಮೇಲೆ ನುಂಗಿದರೆ ಅಷ್ಟು ಲಾಭವೂ ಖಚಿತ ಇಲ್ಲ.

ಇನ್ನು ಕೆಲವರು “ಹೋದ ಸಲ ಉಳಿದ ಆಂಟಿಬಯಾಟಿಕ್ ನಾಲ್ಕು ಇದೆ, ಅದನ್ನೇ ತಗೊಳ್ಳಲಾ?” ಅಂತ ಕೇಳುತ್ತಾರೆ. ದಯವಿಟ್ಟು ಬೇಡ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗೆ ಕೆಲಸ ಮಾಡುತ್ತದೆ, ವೈರಸ್‌ಗೆ ಏನೂ ಮಾಡುವುದಿಲ್ಲ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಬೇಕಾದದ್ದಕ್ಕಿಂತ ಕಡಿಮೆ ಡೋಸ್ ಬಿದ್ದರೆ ಸೂಕ್ಷ್ಮಜೀವಿಗಳು ಸಾಯದೆ ಔಷಧಿಯನ್ನು ತಡೆದುಕೊಳ್ಳಲು ಕಲಿಯುತ್ತವೆ ಅಂತ. ಡ್ರಾಯರ್‌ನಲ್ಲಿ ಉಳಿದ ಆ ನಾಲ್ಕು ಮಾತ್ರೆ ಕಂಡಾಗೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಮುಂಚೆಯೇ ತಗೊಳ್ಳಬೇಕಾದದ್ದು ಒಂದಿದೆ, ಫ್ಲೂ ಲಸಿಕೆ. ಅದು ಇನ್‌ಫ್ಲುಯೆಂಜಾಗೆ ಮಾತ್ರ, ಎಲ್ಲ ನೆಗಡಿಗೂ ಅಲ್ಲ. ಆ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ, ಲಸಿಕೆಯಲ್ಲಿ ಏನಿರಬೇಕು ಅಂತ ಹೇಳುತ್ತದೆ. ಹಾಕಿಸಿಕೊಂಡ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಮನೆಯಲ್ಲಿ ಮೂರು ಜನ ಮಲಗಿದ ಮೇಲೆ ಬಂದು ಕೇಳಿದರೆ ಆ ಎರಡು ವಾರವನ್ನು ನಾನು ಎಲ್ಲಿಂದ ತರಲಿ? ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಸೀಸನ್‌ಗೆ ಮೊದಲೇ ಡಾಕ್ಟರ್ ಹತ್ತಿರ ಈ ವಿಷಯ ಮಾತಾಡಿ.

ನಿಜವಾಗಿ ದಿನಾ ‘ಮುಂಚೆನೇ ತಗೊಳ್ಳಬೇಕಾದ’ ಔಷಧಿ ಇರುವವರೂ ಇದ್ದಾರೆ. ಅಸ್ತಮಾದವರು. ಅವರ ಪ್ರಿವೆಂಟರ್ ಇನ್‌ಹೇಲರ್ ಉಸಿರು ಕಟ್ಟುವ ಮೊದಲೇ ಶ್ವಾಸನಾಳದ ಊತ ಇಳಿಸಿ ಇಟ್ಟಿರುತ್ತದೆ. ಆದರೆ ಅವರೇ ಎರಡು ತಿಂಗಳು ಚೆನ್ನಾಗಿದ್ದರೆ ಅದನ್ನು ಬಿಟ್ಟುಬಿಡುತ್ತಾರೆ. ಚಳಿ ಬಿದ್ದ ರಾತ್ರಿ ಏದುಸಿರು ಬಿಡುತ್ತಾ, ಕಟ್ಟಿದ ಉಸಿರನ್ನು ತಕ್ಷಣಕ್ಕೆ ಬಿಡಿಸುವ ನೀಲಿ ಇನ್‌ಹೇಲರ್ ಕೇಳಿಕೊಂಡು ಬರುತ್ತಾರೆ. ಚೆನ್ನಾಗಿದ್ದದ್ದು ಆ ಇನ್‌ಹೇಲರ್‌ನಿಂದಲೇ ಅಲ್ವಾ? ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.

ಮಳೆ ಶುರುವಾದರೆ ಡೆಂಗಿ ಭಯ. ಆಗಲೂ ಕೇಳುವುದು ಮಾತ್ರೆಯನ್ನೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಹೊತ್ತು ಕಚ್ಚುತ್ತದೆ, ನಿಂತ ನೀರಿನ ಅಂಚಿಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಗೋಡೆ ಉಜ್ಜಬೇಕು. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ವಾರಕ್ಕೊಮ್ಮೆ ಉಜ್ಜಿದರೆ ಮರಿ ದೊಡ್ಡದಾಗಿ ಹಾರುವ ಮೊದಲೇ ಕೆಲಸ ಮುಗಿಯುತ್ತದೆ. ಡೆಂಗಿ ಇರಬಹುದು ಅನ್ನಿಸುವ ಜ್ವರಕ್ಕೆ ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ವಾಂತಿ ಭೇದಿಯ ಕಾಲದಲ್ಲಿ ಓಆರ್‌ಎಸ್ ತಗೊಂಡು ಹೋದವರನ್ನು ನಾನು ಬಾಗಿಲ ತನಕ ಹೋಗಿ ಮತ್ತೆ ಕರೆದದ್ದಿದೆ. ಒಂದು ಲೀಟರ್‌ನ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿದು ಮಗುವಿಗೆ ಕುಡಿಸುತ್ತಾರೆ. ಗಟ್ಟಿಯಾದರೆ ಶಕ್ತಿ ಜಾಸ್ತಿ ಅನ್ನುವ ನಂಬಿಕೆ. ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯವಾಗಬಹುದು. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ಹಾಕಿ, ಒಂದು ದಿನದ ನಂತರ ಉಳಿದದ್ದನ್ನು ಚೆಲ್ಲಿ. ಕೈಗೆ ಸೋಪು ನೀರು ಹಾಕಿ 20 ಸೆಕೆಂಡ್ ಉಜ್ಜಿ. ವಾಂತಿ ಭೇದಿ ತರುವ ನೋರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅದು ನನಗೆ ತಿಳಿದದ್ದು ಒಬ್ಬರು ಜೇಬಿನಿಂದ ಮೂರು ಸ್ಟ್ರಿಪ್ ತೆಗೆದು ಕೌಂಟರ್ ಮೇಲೆ ಇಟ್ಟ ದಿನ. “ಎರಡು ದಿನದಿಂದ ತಗೊಳ್ತಿದೀನಿ, ಕಡಿಮೆ ಆಗ್ತಿಲ್ಲ. ಇನ್ನೂ ಸ್ಟ್ರಾಂಗ್ ಕೊಡಿ” ಅಂದರು. ಒಂದು ಜ್ವರಕ್ಕೆ, ಒಂದು ನೆಗಡಿಗೆ, ಒಂದು ಮೈಕೈ ನೋವಿಗೆ. ಮೂರು ಬಣ್ಣ, ಮೂರು ಹೆಸರು. ನಾನು ಸ್ಟ್ರಿಪ್‌ಗಳನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಮೂರರಲ್ಲೂ ಪ್ಯಾರಾಸಿಟಮಾಲ್. ಜ್ವರದ್ದು 650 ಮಿಲಿಗ್ರಾಂ, ದಿನಕ್ಕೆ ನಾಲ್ಕು. ನೆಗಡಿಯದ್ದು 500, ದಿನಕ್ಕೆ ಮೂರು. ನೋವಿನದ್ದು 325, ದಿನಕ್ಕೆ ಎರಡು. ಬಿಲ್ಲಿನ ಹಿಂದೆ ಕೂಡಿಸಿ ಅವರ ಕಡೆ ತಿರುಗಿಸಿದೆ. 4,750. ಆರೋಗ್ಯವಾಗಿರುವ ದೊಡ್ಡವರಿಗೆ ದಿನದ ಮಿತಿ 4,000. ತೂಕ ಕಡಿಮೆ ಇರುವವರಿಗೆ, ಮದ್ಯ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತ ಕಡಿಮೆ.

“ನಂಗೇನೂ ಆಗಿಲ್ಲ, ಚೆನ್ನಾಗೇ ಇದೀನಿ” ಅಂದರು. ಭಯ ಅದೇ. ಪ್ಯಾರಾಸಿಟಮಾಲ್ ಮಿತಿ ಮೀರಿ ಲಿವರ್‌ಗೆ ಪೆಟ್ಟು ಬಿದ್ದರೂ ಮೊದಲ ದಿನ ಬಹಳ ಜನರಿಗೆ ಏನೂ ಗೊತ್ತಾಗುವುದಿಲ್ಲ. ಮೂರನ್ನೂ ನಿಲ್ಲಿಸಿ ಈಗಲೇ ಆಸ್ಪತ್ರೆಗೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿ ಅಂದೆ. ಧ್ವನಿ ಏರಿತ್ತು. ಅವರಿಗೆ ಬೇಜಾರಾಯಿತು, ಆದರೆ ಹೋದರು.

ಆಮೇಲೆ ಹದಿನೈದು ದಿನ ಬಿಟ್ಟು ಬಂದರು. ಪರೀಕ್ಷೆಯಲ್ಲಿ ಎಲ್ಲ ಸರಿ ಇತ್ತಂತೆ. ಕೈಯಲ್ಲೊಂದು ಬಟ್ಟೆ ಚೀಲ. ಮನೆಯಲ್ಲಿದ್ದ ಎಲ್ಲ ಔಷಧಿಯನ್ನೂ ಕೌಂಟರ್ ಮೇಲೆ ಸುರಿದು, “ಇವೆಲ್ಲ ಒಂದರ ಜೊತೆ ಇನ್ನೊಂದು ತಗೊಂಡ್ರೆ ಆಗುತ್ತಾ, ನೋಡಿ ಹೇಳಿ” ಅಂದರು.

ಅಂಗಡಿಯಲ್ಲಿ ಆರು ಜನ ಕಾಯುತ್ತಿದ್ದರು. ನಾನು ಸ್ಟೂಲ್ ಎಳೆದು ಅವರಿಗೆ ಕೊಟ್ಟೆ. ಮೊದಲು ಕೈಗೆ ಸಿಕ್ಕಿದ್ದು ಕಣ್ಣಿನ ಡ್ರಾಪ್ಸ್. “ಇದನ್ನ ಯಾವಾಗ ಓಪನ್ ಮಾಡಿದ್ರಿ?” ಅಂತ ಕೇಳಿದೆ. ಹೋದ ವರ್ಷ ಅಂದರು. ಅಂಥ ಡ್ರಾಪ್ಸ್ ಸಾಮಾನ್ಯವಾಗಿ ತೆರೆದು 28 ದಿನಕ್ಕೆ ಬಿಸಾಡಬೇಕು. ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಎತ್ತಿಕೊಂಡೆ.