ಪ್ಯೂರ್ ಡೇಟಾದಲ್ಲಿ ತಂಬೂರಿ: ಸೆಮಿಸ್ಟರ್ ಪ್ರಾಜೆಕ್ಟಿನ ಕೆಲಸದ ದಾಖಲೆ

ಸಲ್ಲಿಕೆಗೆ 28 ದಿನ

ಒಪ್ಪಿಸಬೇಕಾದದ್ದು ಮೂರು: ತೆರೆದ ಕೂಡಲೇ ನುಡಿಯುವ ಪ್ಯಾಚ್ (ಪ್ಯೂರ್ ಡೇಟಾದಲ್ಲಿ ಕಟ್ಟಿದ ಪ್ರೋಗ್ರಾಂ), ನಾಲ್ಕು ನಿಮಿಷದ ಧ್ವನಿಮುದ್ರಣ, ಎರಡು ಪುಟದ ವರದಿ. ಆರಿಸಿಕೊಂಡದ್ದು ತಂಬೂರಿ. ರೆಕಾರ್ಡ್ ಮಾಡಿದ ತಂಬೂರಿಯನ್ನೇ ತಿರುಗಿಸಿ ತಿರುಗಿಸಿ ಕೇಳಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಇಲ್ಲಿ ಒಂದೂ ರೆಕಾರ್ಡಿಂಗ್ ಇಲ್ಲ, ತಂತಿಯನ್ನೇ ಲೆಕ್ಕದಿಂದ ಕಟ್ಟುವುದು. ಸಾಧನ ಪ್ಯೂರ್ ಡೇಟಾ (ಪಿಡಿ), ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿ ಸದ್ದು ಕಟ್ಟುವ ಸಾಫ್ಟ್‌ವೇರ್; ಅದೂ ವೆನಿಲಾ ಮಾತ್ರ, ಅಂದರೆ ಏನೂ ಸೇರಿಸದ ಮೂಲ ಆವೃತ್ತಿ. ಹೊರಗಿನ ಲೈಬ್ರರಿ ಸೇರಿಸಿದಷ್ಟೂ ಪರೀಕ್ಷಕರ ಕಂಪ್ಯೂಟರಿನಲ್ಲಿ ಪ್ಯಾಚ್ ಮೂಕವಾಗುವ ಸಾಧ್ಯತೆ ಹೆಚ್ಚು.

ವಿಧಾನ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ್ದು. ನಾಯ್ಸ್‌ನ ಒಂದು ಚಿಕ್ಕ ತುಣುಕನ್ನು ಡಿಲೇ ಲೈನಿಗೆ (ಸದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಹೊರಬಿಡುವ ಭಾಗಕ್ಕೆ) ಬಿಡುವುದು. ಹೊರಗೆ ಬಂದದ್ದರಲ್ಲಿ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ (ಸದ್ದನ್ನು ಸಂಖ್ಯೆಯಾಗಿಸಿದ ಒಂದೊಂದು ಅಳತೆ) ಸರಾಸರಿ ತೆಗೆದು ಮತ್ತೆ ಒಳಕ್ಕೆ ಕಳಿಸುವುದು. ಡಿಲೇ ಎಷ್ಟು ಉದ್ದವೋ ಅದೇ ಶ್ರುತಿ.

ಶ್ರುತಿ ಒಂದೂವರೆ ಮನೆ, ಅಂದರೆ ಸಿ ಶಾರ್ಪ್. ಮಧ್ಯ ಷಡ್ಜ 138.59 ಹರ್ಟ್ಜ್, ಡಿಲೇ 7.216 ಮಿಲಿಸೆಕೆಂಡ್. ಪಂಚಮ 103.94 ಹರ್ಟ್ಜ್, 9.621. ಮಂದ್ರ ಷಡ್ಜ 69.30 ಹರ್ಟ್ಜ್, 14.431. ಪಂಚಮವನ್ನು ಕೀಬೋರ್ಡಿನ ನೋಟ್ ನಂಬರಿನಿಂದ ತೆಗೆಯಬಾರದು. ಅಲ್ಲಿ ಸಿಗುವುದು 103.83. ವ್ಯತ್ಯಾಸ ಎರಡೇ ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್), ಆದರೆ ತಂಬೂರಿಯಲ್ಲಿ ಅದು ಅಡಗುವುದಿಲ್ಲ: ಪಂಚಮದ ನಾಲ್ಕನೇ ಅನುಸ್ವರ (ಮೂಲ ಆವರ್ತನದ ನಾಲ್ಕು ಪಟ್ಟಿನಲ್ಲಿ ಜೊತೆಗೆ ನುಡಿಯುವ ನಾದ) 415.3ಕ್ಕೆ, ಷಡ್ಜದ ಮೂರನೆಯದು 415.8ಕ್ಕೆ ನಿಂತು, ಎರಡು ಸೆಕೆಂಡಿಗೊಂದರಂತೆ ನಿಧಾನವಾಗಿ ಅಲೆಯುತ್ತವೆ. ಮಧ್ಯ ಷಡ್ಜವನ್ನು 3ರಿಂದ ಗುಣಿಸಿ 4ರಿಂದ ಭಾಗಿಸಿದರೆ ಆ ಅಲೆ ಪೂರ್ತಿ ನಿಲ್ಲುತ್ತದೆ.

ಸಲ್ಲಿಕೆಗೆ 23 ದಿನ

ಒಂದು ತಂತಿ ನುಡಿಯುತ್ತಿದೆ. ಶ್ರುತಿ ಮಾತ್ರ ಇಳಿದಿತ್ತು, 2.7 ಸೆಂಟ್. ಕಾರಣ ಸರಾಸರಿ ತೆಗೆಯುವ ಫಿಲ್ಟರ್: ಅದು ತಾನೇ ಅರ್ಧ ಸ್ಯಾಂಪಲ್ ತಡ ಮಾಡುತ್ತದೆ. ಮಂದ್ರ ತಂತಿಯಲ್ಲಿ ಅದೇ ಅರ್ಧ ಸ್ಯಾಂಪಲ್ 1.4 ಸೆಂಟ್ ಮಾತ್ರ ಇಳಿಸುವುದರಿಂದ ಎರಡು ಷಡ್ಜಗಳ ನಡುವೆಯೇ ಹೊಂದಾಣಿಕೆ ಕೆಡುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ ಅರ್ಧ ಸ್ಯಾಂಪಲ್ ಎಂದರೆ 0.0113 ಮಿಲಿಸೆಕೆಂಡ್, ಪ್ರತಿ ತಂತಿಯ ಡಿಲೇಯಿಂದ ಅಷ್ಟು ಕಳೆದದ್ದಾಯಿತು. ಓದುವುದಕ್ಕೆ ಸಾದಾ ಡೆಲ್‌ರೀಡ್ ಬೇಡ, ಅದು ಪೂರ್ಣ ಸ್ಯಾಂಪಲ್‌ಗೆ ದುಂಡಾಗಿಸುತ್ತದೆ. ಡೆಲ್‌ರೀಡ್4 ನಡುವಿನ ಬೆಲೆಗಳನ್ನೂ ಕೊಡುತ್ತದೆ.

ಮೀಟು ಕೊಡಲು ನಾಯ್ಸ್‌ಗೆ ವಿಲೈನ್‌ನಿಂದ ಎನ್ವಲಪ್, ಅಂದರೆ ಸದ್ದಿನ ಏರಿಳಿತದ ರೂಪ. ಸಾದಾ ಲೈನ್, ಪಿಡಿ ಒಮ್ಮೆಗೆ ಲೆಕ್ಕ ಹಾಕುವ 64 ಸ್ಯಾಂಪಲ್‌ನ ಬ್ಲಾಕಿನ ಅಂಚಿಗೇ ಶುರುವಾಗುವುದರಿಂದ ಮೀಟು ಒಂದೊಂದು ಸಲ ಒಂದೊಂದು ಥರ ಕೇಳುತ್ತದೆ.

ನಾದ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಫೀಡ್‌ಬ್ಯಾಕ್ ಗುಣಕ ತೀರ್ಮಾನಿಸುತ್ತದೆ. 60 ಡೆಸಿಬೆಲ್ ಇಳಿಯಲು 8 ಸೆಕೆಂಡ್ ಬೇಕೆಂದರೆ ಮಧ್ಯ ಷಡ್ಜಕ್ಕೆ 0.9938. ಅದೇ ಸಂಖ್ಯೆಯನ್ನು ಮಂದ್ರಕ್ಕೆ ಹಾಕಿದರೆ ಅದು 16 ಸೆಕೆಂಡ್ ಉಳಿದು ಮಿಕ್ಕ ತಂತಿಗಳನ್ನು ಮುಚ್ಚಿಬಿಡುತ್ತದೆ, ಏಕೆಂದರೆ ಅಲ್ಲಿ ಒಂದು ಸುತ್ತಿಗೆ ಎರಡರಷ್ಟು ಸಮಯ. ಮಂದ್ರಕ್ಕೆ 10 ಸೆಕೆಂಡ್ ಸಾಕು: 0.9901. ಪಂಚಮಕ್ಕೆ 0.9917. ಗುಣಕ 1 ಮುಟ್ಟಿದರೆ ನಾದ ಇಳಿಯುವುದೇ ಇಲ್ಲ, ದಾಟಿದರೆ ಸ್ಪೀಕರಿಗೆ ಅಪಾಯ. ಹೆಡ್‌ಫೋನ್ ಹಾಕಿಕೊಂಡು ಈ ಸಂಖ್ಯೆಯನ್ನು ಮುಟ್ಟಬೇಡಿ.

ಸಲ್ಲಿಕೆಗೆ 15 ದಿನ

ಇಡೀ ಪ್ರಾಜೆಕ್ಟಿನ ಜೀವ ಇರುವುದು ಇಲ್ಲಿ. ಇಲ್ಲಿಯವರೆಗಿನ ಸದ್ದು ಗಿಟಾರಿನದ್ದು. ತಂಬೂರಿಯಲ್ಲಿ ತಂತಿಗೂ ಕುದುರೆಗೂ (ತಂತಿ ಹಾದುಹೋಗುವ ಸೇತುವೆಗೂ) ನಡುವೆ ಒಂದು ಎಳೆ ನೂಲು, ಅಂದರೆ ಜೀವಾಳಿ, ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ಮುಚ್ಚುತ್ತದೆ ಅಥವಾ ಅರಳುತ್ತದೆ. ಕುದುರೆಯ ಮೇಲ್ಮೈ ಬಾಗಿರುವುದರಿಂದ ತಂತಿ ಕಂಪಿಸುವಾಗ ಅದಕ್ಕೆ ತಗುಲಿ ಬಿಡುತ್ತದೆ, ಪ್ರತಿ ಸುತ್ತಿನಲ್ಲೂ ತಂತಿಯ ಉದ್ದ ಒಂದಿಷ್ಟು ಕುಗ್ಗಿ ಹಿಗ್ಗುತ್ತದೆ.

ಪ್ಯಾಚಿನಲ್ಲಿ ಅದನ್ನು ಹೀಗೆ ತಂದಿದೆ: ಡಿಲೇಯಿಂದ ಹೊರಬಂದ ಸಿಗ್ನಲ್‌ನ ಧನ ಭಾಗವನ್ನು ಮಾತ್ರ ಉಳಿಸಿ, 0.02ರಿಂದ ಗುಣಿಸಿ, ಡಿಲೇಯ ಮಿಲಿಸೆಕೆಂಡಿನಿಂದ ಕಳೆಯುವುದು. ನೇರವಾಗಿ ಜೋಡಿಸಿದರೆ ಡಿಎಸ್‌ಪಿ ಲೂಪ್ (ತನ್ನ ಉತ್ತರಕ್ಕೆ ತಾನೇ ಕಾಯುವ ಲೆಕ್ಕದ ಸುತ್ತು) ಎಂದು ಪಿಡಿ ತಕರಾರು ಮಾಡಿ ಸದ್ದನ್ನೇ ನಿಲ್ಲಿಸುತ್ತದೆ. ನಡುವೆ ಇನ್ನೊಂದು ಡೆಲ್‌ರೈಟ್, ಡೆಲ್‌ರೀಡ್ ಜೋಡಿ ಹಾಕಿದರೆ ಲೂಪ್ ಒಡೆಯುತ್ತದೆ, ಆದರೆ 64 ಸ್ಯಾಂಪಲ್ ತಡವಾಗುತ್ತದೆ. ಅದು 1.45 ಮಿಲಿಸೆಕೆಂಡ್, ಮಧ್ಯ ಷಡ್ಜದ ಒಂದು ಸುತ್ತಿನ ಐದನೇ ಒಂದು ಭಾಗ. ತಂತಿ ಕುದುರೆ ಬಿಟ್ಟ ಮೇಲೆ ಉದ್ದ ಕುಗ್ಗಿದ ಹಾಗಾಗುತ್ತದೆ. ಆದ್ದರಿಂದ ತಂತಿಯ ಲೂಪ್ ಪೂರ್ತಿ ಒಂದು ಸಬ್‌ಪ್ಯಾಚಿಗೆ ಹೋಯಿತು, ಅದರಲ್ಲಿ ಬ್ಲಾಕ್ 1. ಈಗ ತಡ ಒಂದೇ ಸ್ಯಾಂಪಲ್. ಪ್ರೊಸೆಸರಿನ ಮೇಲೆ ಹೊರೆ ಚೆನ್ನಾಗಿಯೇ ಏರುತ್ತದೆ; ನಾಲ್ಕು ತಂತಿಗೆ ತೊಂದರೆಯಿಲ್ಲ, ಹದಿನಾರು ತಂತಿಯ ಆಸೆ ಬೇಡ. ಲೂಪಿನೊಳಗೆ ಸದ್ದು ಮಿತಿ ದಾಟದಂತೆ ತಡೆಯುವ ಒಂದು ಕ್ಲಿಪ್ ಇಟ್ಟಿರಬೇಕು, ಉದ್ದ ಬದಲಾಗುವ ಡಿಲೇಯಲ್ಲಿ ಸದ್ದು ಕೆಲವೊಮ್ಮೆ ತಾನಾಗಿ ಏರತೊಡಗುತ್ತದೆ. ಡಿಸಿ (ಸಿಗ್ನಲ್ ಸೊನ್ನೆಯಿಂದ ಒಂದೇ ಕಡೆಗೆ ವಾಲಿರುವುದು) ತೆಗೆಯುವ 5 ಹರ್ಟ್ಜ್‌ನ ಹೈಪಾಸ್ ಲೂಪಿನ ಹೊರಗೇ ಇರಲಿ. ಒಳಗಿಟ್ಟರೆ ಶ್ರುತಿ ಸರಿಯುತ್ತದೆ.

0.02 ಎಂಬುದು ಶುರುವಿನ ಸಂಖ್ಯೆ. ಏರಿಸುತ್ತಾ ಹೋದರೆ ನಾದ ಅರಳುತ್ತದೆ, ಇನ್ನೂ ಏರಿಸಿದರೆ ಮೀಟಿದ ಕ್ಷಣಕ್ಕೆ ಸ್ವರ ಮೇಲೆ ಹಾರಿ ಕೆಳಗೆ ಜಾರುತ್ತದೆ. ಜಾರು ಕೇಳಿಸಿದಲ್ಲಿಂದ ಒಂದು ಹೆಜ್ಜೆ ಹಿಂದೆ ನಿಲ್ಲುವುದು.

ಕಿವಿಗೆ ಹಿತ ಎಂದರೆ ವರದಿಗೆ ಸಾಲದು, ಅಳತೆಯೂ ಬೇಕು. ಸಿ. ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಮೇಲೆ ಬರೆದ ಲೇಖನದಲ್ಲಿ ಅದಕ್ಕೆ ದಾರಿಯಿದೆ. ತಂತಿಯ ಐದನೇ ಒಂದು ಭಾಗದಲ್ಲಿ ಮೀಟಿದರೆ ಐದನೇ ಅನುಸ್ವರ ಹುಟ್ಟಬಾರದು, ಅದು ಯಂಗ್–ಹೆಲ್ಮ್‌ಹೋಲ್ಟ್ಜ್ ನಿಯಮ; ಈ ವಾದ್ಯಗಳು ಅದನ್ನು ಮೀರುತ್ತವೆ ಎಂದು ಅವರು ತೋರಿಸಿದರು. ಪ್ಯಾಚಿನಲ್ಲಿ ಇದನ್ನು ಪರೀಕ್ಷಿಸಬಹುದು. ಮಂದ್ರ ತಂತಿಗೆ ಬಿಡುವ ನಾಯ್ಸ್‌ನಿಂದ 2.886 ಮಿಲಿಸೆಕೆಂಡ್ ತಡವಾದ ಅದರದೇ ಪ್ರತಿಯನ್ನು ಕಳೆಯಿರಿ. ಜೀವಾಳಿ ಭಾಗ ಬಂದ್ ಇದ್ದಾಗ ಸ್ಪೆಕ್ಟ್ರಮ್‌ನಲ್ಲಿ 346.5 ಹರ್ಟ್ಜ್ ಜಾಗ ಖಾಲಿ. ಚಾಲೂ ಮಾಡಿದಾಗ ಅಲ್ಲಿ ಗೆರೆ ಏಳಬೇಕು. ಆ ಗೆರೆಯೇ ತಂಬೂರಿ ಚೆನ್ನಾಗಿ ಶ್ರುತಿಗೂಡಿದಾಗ ತಾನಾಗಿ ಕೇಳುವ ಅಂತರ ಗಾಂಧಾರ. ವರದಿಯಲ್ಲಿ ಬೇರೆ ಯಾವ ಚಿತ್ರ ಬಿಟ್ಟರೂ ಈ ಎರಡು ಚಿತ್ರಗಳನ್ನು ಬಿಡುವಂತಿಲ್ಲ.

ಸಲ್ಲಿಕೆಗೆ 9 ದಿನ

ಒಂದು ತಂತಿಯನ್ನು ನಾಲ್ಕು ಮಾಡಿದ್ದು. ಡಿಲೇಯ ಹೆಸರಿಗೆ ಮುಂದೆ ಡಾಲರ್ ಸೊನ್ನೆ (ಪ್ರತಿಯೊಂದು ನಕಲಿಗೂ ಬೇರೆ ಸಂಖ್ಯೆ ಕೊಡುವ ಗುರುತು) ಹಾಕದೆ ಪ್ರತಿ ಮಾಡಿದರೆ ನಾಲ್ಕೂ ಒಂದೇ ಹೆಸರಿನ ಡಿಲೇ ಹಂಚಿಕೊಂಡು ಕಲಸಿಹೋಗುತ್ತವೆ. ಮೆಸೇಜ್ ಪೆಟ್ಟಿಗೆಯೊಳಗೆ ಡಾಲರ್ ಸೊನ್ನೆ ಕೆಲಸ ಮಾಡುವುದಿಲ್ಲ, ಅಲ್ಲಿಗೆ ಬೆಲೆಯನ್ನು ಹೊರಗಿನಿಂದ ಕಳಿಸಬೇಕು.

ಮೀಟುವ ಕ್ರಮ: ಪಂಚಮ 0, ಷಡ್ಜ 1.2, ಷಡ್ಜ 2.1, ಮಂದ್ರ 3.0 ಸೆಕೆಂಡ್, ಸುತ್ತು 4.6ಕ್ಕೆ. ಪ್ರತಿ ಮೀಟಿಗೂ 40 ಮಿಲಿಸೆಕೆಂಡ್ ಒಳಗೆ ಹಿಂದೆಮುಂದೆ. ರ‍್ಯಾಂಡಮ್‌ಗೆ ಸೀಡ್ (ಪ್ರತಿ ಸಲವೂ ಅದೇ ಸರಣಿ ಬರುವಂತೆ ಮಾಡುವ ಆರಂಭದ ಸಂಖ್ಯೆ) ಕೊಟ್ಟಿದೆ, ಪರೀಕ್ಷಕರು ಕೇಳುವುದೂ ಮುದ್ರಣದಲ್ಲಿರುವುದೂ ಒಂದೇ ಆಗಿರಲಿ ಎಂದು. ನಾಲ್ಕು ತಂತಿ ಕೂಡಿದ ಮೇಲೆ 0.25ರಿಂದ ಗುಣಿಸುವುದು ಮರೆತರೆ ಔಟ್‌ಪುಟ್ ಒಡೆಯುತ್ತದೆ.

ಸಲ್ಲಿಕೆಗೆ 4 ದಿನ

ಮುದ್ರಣ ರೈಟ್‌ಎಸ್‌ಎಫ್‌ನಲ್ಲಿ. ಹೇಳದಿದ್ದರೆ ಅದು 16 ಬಿಟ್ ಬರೆಯುತ್ತದೆ. 24 ಬಿಟ್‌ಗೆ ಓಪನ್ ಮೆಸೇಜಿನಲ್ಲಿ ಬೈಟ್ಸ್ 3 ಎಂದು ಹಾಕಬೇಕು. ಡಿಎಸ್‌ಪಿ (ಪಿಡಿಯ ಸದ್ದಿನ ಲೆಕ್ಕ) ಚಾಲೂ ಇಲ್ಲದಿದ್ದರೆ ಖಾಲಿ ಫೈಲ್. ನಿಲ್ಲಿಸುವ ಮೆಸೇಜ್ ಕೊಡದೆ ಕಿಟಕಿ ಮುಚ್ಚಬೇಡಿ. ಸ್ಟೀರಿಯೋ ನಾಲ್ಕು ನಿಮಿಷ 63.5 ಎಂಬಿ; ಅಪ್‌ಲೋಡ್ ಮಿತಿ 50 ಆಗಿದ್ದರೆ ಎಂಪಿ3 ಮಾಡುವ ಬದಲು ಸದ್ದಿನಲ್ಲಿ ಏನೂ ಕಳೆಯದೆ ಚಿಕ್ಕದಾಗಿಸುವ ಫ್ಲ್ಯಾಕ್ ಮಾಡಿ. ಎಂಪಿ3 ಮೊದಲು ಕತ್ತರಿಸುವುದೇ ಜೀವಾಳಿಯ ಮೇಲಿನ ಅನುಸ್ವರಗಳನ್ನು.

ಸಲ್ಲಿಕೆಗೆ 2 ದಿನ

ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಹಾಕಿ ತೆರೆದಾಗ ಮೂರು ಕಡೆ ಕೆಟ್ಟಿತು. ತಂತಿಯ ಅಬ್‌ಸ್ಟ್ರ್ಯಾಕ್ಷನ್ ಫೈಲಿನ ಹೆಸರು ದೊಡ್ಡಕ್ಷರದಲ್ಲಿ, ಪ್ಯಾಚ್ ಕರೆಯುವುದು ಸಣ್ಣಕ್ಷರದಲ್ಲಿ: ವಿಂಡೋಸ್ ಸುಮ್ಮನಿತ್ತು, ಲಿನಕ್ಸ್ ಒಪ್ಪಲಿಲ್ಲ. ಮುದ್ರಣದ ಫೈಲಿನ ಹೆಸರಿನಲ್ಲಿ ಖಾಲಿ ಜಾಗ ಇತ್ತು, ಪಿಡಿ ಅದನ್ನು ಎರಡು ಪದವಾಗಿ ಓದಿತು. ಮೂರನೆಯದು ಸ್ಯಾಂಪಲ್ ರೇಟ್. ಅಲ್ಲಿ 48,000 ಇದ್ದುದರಿಂದ, ಸ್ಥಿರ ಸಂಖ್ಯೆಯಾಗಿ ಬರೆದಿದ್ದ ಅರ್ಧ ಸ್ಯಾಂಪಲ್‌ನ ತಿದ್ದುಪಡಿ ತಪ್ಪಾಯಿತು. ಅದನ್ನು ಈಗ ಸ್ಯಾಂಪಲ್‌ರೇಟ್ ಆಬ್ಜೆಕ್ಟಿನಿಂದ, ಪ್ಯಾಚ್ ತೆರೆದಾಗ ಲೆಕ್ಕ ಹಾಕುತ್ತದೆ. ಡಿಲೇಯನ್ನು ಮಿಲಿಸೆಕೆಂಡಿನಲ್ಲಿ ಬರೆದದ್ದು ಇಲ್ಲಿ ಕಾಪಾಡಿತು. 318 ಸ್ಯಾಂಪಲ್ ಎಂದು ಬರೆದಿದ್ದರೆ ತಂಬೂರಿ 151 ಹರ್ಟ್ಜ್‌ಗೆ ಏರಿ, ಒಂದೂವರೆ ಮನೆ ಶ್ರುತಿ ಎರಡು ಮತ್ತು ಎರಡೂವರೆಯ ನಡುವೆ ಹೋಗಿರುತ್ತಿತ್ತು.

ರೀಡ್‌ಮಿ ಫೈಲಿನಲ್ಲಿ ಐದು ಸಾಲು: ಪಿಡಿ ಆವೃತ್ತಿ, ಯಾವ ಫೈಲ್ ಮೊದಲು ತೆರೆಯಬೇಕು, ಡಿಎಸ್‌ಪಿ ಚಾಲೂ ಮಾಡುವುದು, ಎಷ್ಟು ಸೆಕೆಂಡಿಗೆ ಮೊದಲ ಮೀಟು, ಬೇರೆಯವರಿಂದ ತಂದ ಭಾಗ ಯಾವುದು. ಹೆಸರಿಲ್ಲದೆ ಮೌಲ್ಯಮಾಪನ ನಡೆಯುವುದಾದರೆ ಪ್ಯಾಚಿನ ಕಾಮೆಂಟ್‌ಗಳಲ್ಲೂ ಹೆಸರು ಅಳಿಸಿ ನೋಂದಣಿ ಸಂಖ್ಯೆ ಮಾತ್ರ ಉಳಿಸಬೇಕು.

ಕೊನೆಯ ದಿನ

ಜಿಪ್ ಮಾಡಿ ಅಪ್‌ಲೋಡ್ ಆಯಿತು. ಅಪ್‌ಲೋಡ್ ಆದದ್ದನ್ನೇ ಮತ್ತೆ ಇಳಿಸಿಕೊಂಡು, ಹೊಸ ಫೋಲ್ಡರಿನಲ್ಲಿ ಬಿಚ್ಚಿ, 48,000ದ ಕಂಪ್ಯೂಟರಿನಲ್ಲಿ ತೆರೆದದ್ದಾಯಿತು. ಮೂರನೇ ಸುತ್ತಿನಲ್ಲಿ, ಮಂದ್ರ ಮೀಟಿದ ಮೇಲೆ, ಗಾಂಧಾರ ಕೇಳಿತು.